ಹಾಡಿನೊಳಗೆ ಅಡಗಿದ ಕಥೆ: ಬಿಟಿಎಸ್ ಆಲ್ಬಂಗಳ ಒಳಅರ್ಥವನ್ನು ಅಭಿಮಾನಿಗಳು ಹುಡುಕುವ ಬಗೆ

ದಕ್ಷಿಣ ಕೊರಿಯಾದ ಪಾಪ್ ತಂಡ ಬಿಟಿಎಸ್‌ನ ಏಳು ಸದಸ್ಯರಲ್ಲಿ ಕೊನೆಯವರು ತಮ್ಮ ಕಡ್ಡಾಯ ಸೇವೆ ಮುಗಿಸಿದ್ದು 2025ರ ಜೂನ್‌ನಲ್ಲಿ. ಆ ದೇಶದಲ್ಲಿ ಗಂಡುಮಕ್ಕಳು ಸೈನ್ಯದಲ್ಲೋ ಅದಕ್ಕೆ ಬದಲಾದ ಸರ್ಕಾರಿ ಕೆಲಸದಲ್ಲೋ ಕಡಿಮೆಯೆಂದರೂ ಒಂದೂವರೆ ವರ್ಷ ದುಡಿಯಲೇಬೇಕು. ಮರುತಿಂಗಳೇ ತಂಡ ಒಟ್ಟಿಗೆ ಕುಳಿತು, 2026ರ ವಸಂತಕ್ಕೆ ಹೊಸ ಆಲ್ಬಂ ತರುತ್ತೇವೆ ಎಂದು ಹೇಳಿತು. ಹೊಸದು ಬರುತ್ತದೆ ಎಂದರೆ ಈ ತಂಡದ ಅಭಿಮಾನಿಗಳು ಮೊದಲು ಮಾಡುವುದು ಹಳೆಯದನ್ನು ತೆಗೆದು ಮತ್ತೆ ಓದುವ ಕೆಲಸ.

ಮನೆಯಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಮಾತುಗಳು ನಿಮ್ಮ ಕಿವಿಗೂ ಬಿದ್ದಿರಬಹುದು. 'ಥಿಯರಿ' ಅನ್ನುತ್ತಾರೆ, 'ಪರ್ಸೋನಾ' ಅನ್ನುತ್ತಾರೆ, ಯಾವುದೋ ಹೂವಿನ ಹೆಸರು ಹೇಳುತ್ತಾರೆ, ಜಿನ್ ಎಂಬವನು ಕಾಲದಲ್ಲಿ ಹಿಂದಕ್ಕೆ ಹೋದ ಅನ್ನುತ್ತಾರೆ. ಕುಣಿತದ ಹಾಡು ಕೇಳುವವರಿಗೆ ನೂರು ವರ್ಷ ಹಿಂದಿನ ಜರ್ಮನ್ ಕಾದಂಬರಿ ಯಾಕೆ ಬೇಕಾಯಿತು? ಈ ಊಹೆಗಳಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಮೊದಲಿನಿಂದ ನೋಡೋಣ.

ಮೊದಲು ಕೆಲವು ಮಾತುಗಳ ಪರಿಚಯ

ಬಿಟಿಎಸ್ ಶುರುವಾದದ್ದು 2013ರ ಜೂನ್ 13ರಂದು. ಆರ್‌ಎಂ, ಜಿನ್, ಸುಗಾ, ಜೆ-ಹೋಪ್, ಜಿಮಿನ್, ವಿ, ಜಂಗ್‌ಕುಕ್ ಎಂಬ ಏಳು ಜನ. ತಂಡವನ್ನು ಕಟ್ಟಿದ್ದು ಬ್ಯಾಂಗ್ ಶಿ-ಹ್ಯುಕ್ ಅವರ ಬಿಗ್ ಹಿಟ್ ಎಂಬ ಕಂಪನಿ. ಅಭಿಮಾನಿ ಬಳಗಕ್ಕೆ 'ಆರ್ಮಿ' ಎಂದು ಹೆಸರು.

ಕೊರಿಯಾದಲ್ಲಿ ಪ್ರತಿ ಹೊಸ ಆಲ್ಬಂನ ಬಿಡುಗಡೆಗೂ 'ಕಮ್‌ಬ್ಯಾಕ್' ಎನ್ನುತ್ತಾರೆ. ಆರು ತಿಂಗಳ ಹಿಂದೆ ತಾನೇ ಬಂದು ಹೋಗಿದ್ದರೂ ಅದು ಕಮ್‌ಬ್ಯಾಕೇ. ಅದಕ್ಕೆ ವಾರಗಟ್ಟಲೆ ಮುಂಚಿನಿಂದ ಟ್ರೇಲರ್, ಫೋಟೊ, ಕಿರುಚಿತ್ರಗಳು ಒಂದೊಂದಾಗಿ ಹೊರಬೀಳುತ್ತವೆ. ಇಡೀ ಆಲ್ಬಂ ಅನ್ನು ಒಂದೇ ವಿಚಾರದ ಸುತ್ತ ಕಟ್ಟಿದ್ದರೆ ಆ ವಿಚಾರವೇ ಅದರ 'ಕಾನ್ಸೆಪ್ಟ್'. ಬಿಡುಗಡೆಯಾದ ಆಲ್ಬಂಗೆ ಕೆಲವು ಹೊಸ ಹಾಡು ಸೇರಿಸಿ ಮತ್ತೊಂದು ಹೆಸರಿನಲ್ಲಿ ತಂದರೆ ಅದು 'ರಿಪ್ಯಾಕೇಜ್'. ಈ ಟ್ರೇಲರ್‌ಗಳಲ್ಲಿ, ಫೋಟೊಗಳಲ್ಲಿ, ಹಾಡಿನ ಸಾಲುಗಳಲ್ಲಿ ಕಾಣುವ ಸುಳಿವುಗಳನ್ನು ಜೋಡಿಸಿ, 'ಇದರ ಒಳಗಿನ ಕಥೆ ಇದು' ಎಂದು ಅಭಿಮಾನಿಗಳು ಮುಂದಿಡುವ ಊಹೆಯೇ 'ಥಿಯರಿ'.

ಏಳು ಕಿರುಚಿತ್ರ, ಒಂದು ಜರ್ಮನ್ ಕಾದಂಬರಿ

2016ರ ಸೆಪ್ಟೆಂಬರ್‌ನಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದರಂತೆ ಏಳು ಕಿರುಚಿತ್ರಗಳು ಬಂದವು. ಬಿಗಿನ್, ಲೈ, ಸ್ಟಿಗ್ಮಾ, ಫಸ್ಟ್ ಲವ್, ರಿಫ್ಲೆಕ್ಷನ್, ಮಾಮಾ, ಅವೇಕ್ ಎಂದು ಅವುಗಳ ಹೆಸರು. ಮಾತುಕತೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಆರ್‌ಎಂ ಅವರ ದನಿಯಲ್ಲಿ ಇಂಗ್ಲಿಷಿನ ಕೆಲವು ವಾಕ್ಯಗಳು ಕೇಳುತ್ತಿದ್ದವು. ಎರಡು ಲೋಕಗಳ ಬಗ್ಗೆ, ಸುಳ್ಳಿನ ಬಗ್ಗೆ, ಮೊಟ್ಟೆಯೊಡೆದು ಹೊರಬರುವ ಹಕ್ಕಿಯ ಬಗ್ಗೆ. ಕಥೆ ಓದುವ ಅಭ್ಯಾಸವಿದ್ದ ಅಭಿಮಾನಿಗಳಿಗೆ ಆ ವಾಕ್ಯಗಳ ಗುರುತು ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವು ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ 'ಡೆಮಿಯಾನ್' ಕಾದಂಬರಿಯವು.

1919ರಲ್ಲಿ ಬಂದ ಈ ಕಾದಂಬರಿಯ ಕಥೆ ಚಿಕ್ಕದು. ಎಮಿಲ್ ಸಿಂಕ್ಲೇರ್ ಎಂಬ ಹತ್ತು ವರ್ಷದ ಹುಡುಗನಿಗೆ ತನ್ನ ಸುತ್ತ ಎರಡು ಲೋಕಗಳಿವೆ ಎನಿಸುತ್ತದೆ. ಒಂದು, ಅಪ್ಪ ಅಮ್ಮ, ಪ್ರಾರ್ಥನೆ, ಶುಚಿತ್ವ ಎಲ್ಲ ಇರುವ ಮನೆಯ ಬೆಳಕಿನ ಲೋಕ. ಇನ್ನೊಂದು, ಬೀದಿಯ, ಜಗಳದ, ಗುಟ್ಟಿನ ಲೋಕ. ಬೇರೆ ಹುಡುಗರ ಮುಂದೆ ದೊಡ್ಡಸ್ತಿಕೆಗೆಂದು, ತಾನು ಸೇಬು ಕದ್ದೆ ಎಂದು ಒಂದು ಸುಳ್ಳು ಹೇಳುತ್ತಾನೆ. ಆ ಸುಳ್ಳನ್ನೇ ಹಿಡಿದು ಒಬ್ಬ ಪುಂಡ ಅವನನ್ನು ಹೆದರಿಸಿ ದುಡ್ಡು ಕೀಳತೊಡಗುತ್ತಾನೆ. ಆಗ ಬರುವವನು ಮ್ಯಾಕ್ಸ್ ಡೆಮಿಯಾನ್ ಎಂಬ ಹಿರಿಯ ಹುಡುಗ. ಅವನ ಸಹವಾಸದಲ್ಲಿ ಸಿಂಕ್ಲೇರ್ ಕಲಿಯುವುದು ಇಷ್ಟು: ಒಳ್ಳೆಯದನ್ನು ಮಾತ್ರ ತನ್ನದೆಂದು ಒಪ್ಪಿ, ಕೆಟ್ಟದ್ದನ್ನು ಹೊರಗಿನದೆಂದು ತಳ್ಳಿದರೆ ಮನುಷ್ಯ ಪೂರ್ತಿಯಾಗುವುದಿಲ್ಲ. ಹಕ್ಕಿ ಹೊರಬರಬೇಕಾದರೆ ತನ್ನ ಮೊಟ್ಟೆಯೆಂಬ ಜಗತ್ತನ್ನು ಒಡೆಯಲೇಬೇಕು.

ಈ ಪುಸ್ತಕಕ್ಕೂ ಒಂದು ಗುಟ್ಟಿತ್ತು. ಹೆಸ್ಸೆ ಅದನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸಲಿಲ್ಲ. ಲೇಖಕನ ಜಾಗದಲ್ಲಿ 'ಎಮಿಲ್ ಸಿಂಕ್ಲೇರ್' ಎಂದಷ್ಟೇ ಇತ್ತು. ಹೊಸ ಲೇಖಕರಿಗೆ ಕೊಡುವ ಫೊಂಟಾನೆ ಪ್ರಶಸ್ತಿ ಅದಕ್ಕೆ ಬಂತು. ಬರೆದವರು ಯಾರೆಂದು ಹೊರಬಿದ್ದ ಮೇಲೆ ಹೆಸ್ಸೆ ಪ್ರಶಸ್ತಿಯನ್ನು ಹಿಂದಿರುಗಿಸಿದರು.

ನಮ್ಮ ಕರಾವಳಿಗೂ ಹೆಸ್ಸೆಗೂ ಒಂದು ನಂಟಿದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವರ ತಾಯಿ ಮೇರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್, ಮಲಯಾಳಕ್ಕೆ ನಿಘಂಟು ಮಾಡಿಕೊಟ್ಟ ಬಾಸೆಲ್ ಮಿಷನ್ ಪಾದ್ರಿ. ಆ ಗುಂಡರ್ಟರ ಆಪ್ತ ಗೆಳೆಯ ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಶುರು ಮಾಡಿದವರು. ನಾವು ಪ್ರತಿವರ್ಷ ಪತ್ರಿಕಾ ದಿನ ಆಚರಿಸುವುದು ಆ ದಿನದ ನೆನಪಿಗೇ. ಮೋಗ್ಲಿಂಗರ ಜೀವನಚರಿತ್ರೆಯನ್ನು ಬರೆದವರೂ ಗುಂಡರ್ಟರೇ.

ಈಗ ಮತ್ತೆ ಆಲ್ಬಂಗೆ. 2016ರ ಅಕ್ಟೋಬರ್ 10ರಂದು 'ವಿಂಗ್ಸ್' ಬಂತು. ಅದರ ಮುಖ್ಯ ಹಾಡು 'ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್'. ವಿಡಿಯೊ ನಡೆಯುವುದು ವಸ್ತುಸಂಗ್ರಹಾಲಯದಂಥ ಒಂದು ಕಟ್ಟಡದಲ್ಲಿ. ಗೋಡೆಯ ಮೇಲೆ ಹಳೆಯ ಕಾಲದ ಚಿತ್ರಕಾರ ಬ್ರೂಗಲ್‌ನ ಚಿತ್ರಗಳು: ಸ್ವರ್ಗದಿಂದ ಬೀಳುತ್ತಿರುವ ದೇವದೂತರು, ಸೂರ್ಯನ ಹತ್ತಿರ ಹಾರಿ ಮೇಣದ ರೆಕ್ಕೆ ಕರಗಿ ಸಮುದ್ರಕ್ಕೆ ಬಿದ್ದ, ಗ್ರೀಕ್ ಪುರಾಣದ ಇಕಾರಸ್. ವಿ ನಿರ್ವಹಿಸಿದ ಪಾತ್ರದ ಬೆನ್ನಿನ ಮೇಲೆ ರೆಕ್ಕೆ ಕಿತ್ತ ಗಾಯದ ಗುರುತು. ಜಿನ್‌ನ ಪಾತ್ರ ಕಪ್ಪು ರೆಕ್ಕೆಯ ಪ್ರತಿಮೆಯೊಂದಕ್ಕೆ ಮುತ್ತಿಡುತ್ತದೆ, ಕೊನೆಗೆ ಅವನ ಮುಖದಲ್ಲಿ ಬಿರುಕು ಮೂಡುತ್ತದೆ.

ನಡುವೆ ಹಾಡು ಥಟ್ಟನೆ ನಿಂತುಬಿಡುತ್ತದೆ. ಸುಗಾ ಆರ್ಗನ್ ಎಂಬ ವಾದ್ಯದ ಮುಂದೆ ಕೂತಿದ್ದಾರೆ. ಕೇಳುವ ಸಂಗೀತ ಹದಿನೇಳನೇ ಶತಮಾನದ ರಚನೆಕಾರ ಬುಕ್ಸ್‌ಟಹೂಡ್‌ನ ಪಸಕಾಲಿಯಾ ಎಂಬ ಕೃತಿ. ಅದರ ಮೇಲೆ ಆರ್‌ಎಂ ದನಿಯಲ್ಲಿ, ಒಬ್ಬ ಪ್ರಲೋಭಕನ ಬಗ್ಗೆ ಡೆಮಿಯಾನ್ ಪುಸ್ತಕದ ಒಂದು ವಾಕ್ಯ. ಈಗ ಕಾದಂಬರಿ ತೆಗೆದು ನೋಡಿ. ಅದರಲ್ಲಿ ಪಿಸ್ಟೋರಿಯಸ್ ಎಂಬ ಆರ್ಗನ್ ವಾದಕನಿದ್ದಾನೆ. ಸಿಂಕ್ಲೇರ್ ಅವನ ಬಳಿ ನುಡಿಸೆಂದು ಕೇಳಿಕೊಳ್ಳುವುದು ಬುಕ್ಸ್‌ಟಹೂಡ್‌ನ ಪಸಕಾಲಿಯಾವನ್ನೇ.

ಒಳ್ಳೆಯ ಊಹೆಯನ್ನು ಗುರುತಿಸುವುದು ಇಂಥಲ್ಲಿ. ಪತ್ರಿಕೆಯಲ್ಲಿ ಬರುವ ಪದಬಂಧ ತುಂಬಿಸುವವರಿಗೆ ಇದು ಬೇಗ ಹೊಳೆಯುತ್ತದೆ. ಅಡ್ಡಸಾಲಿಗೆ ಒಂದು ಪದ ತೋಚಿತು ಅನ್ನಿ. ಅದು ಸರಿಯೇ ಎಂದು ನಮಗೆ ತಿಳಿಯುವುದು ಮೇಲಿನಿಂದ ಕೆಳಕ್ಕೆ ಬರುವ ಪದಗಳ ಅಕ್ಷರಗಳೂ ಅದಕ್ಕೆ ಕೂಡಿಬಂದಾಗ. ಇಲ್ಲಿ ಓದಿದ ವಾಕ್ಯ ಡೆಮಿಯಾನ್‌ನದು, ನುಡಿಸಿದ ಸಂಗೀತವೂ ಅದರದ್ದೇ, ಆರ್ಗನ್ ಮುಂದೆ ಕೂತ ಪಾತ್ರವೂ ಅದರದ್ದೇ. ಮೂರು ಬೇರೆ ಬೇರೆ ದಿಕ್ಕಿನಿಂದ ಬಂದ ಸುಳಿವುಗಳು ಒಂದೇ ಮನೆಯಲ್ಲಿ ಕೂಡಿದವು. ಹಾಗಾಗಿ ಅಭಿಮಾನಿಗಳು ಹೇಳಿದ್ದು ಗಾಳಿಮಾತಲ್ಲ. ತಂಡವಾಗಲಿ ಕಂಪನಿಯಾಗಲಿ ಈ ಪ್ರೇರಣೆಯನ್ನು ಆಮೇಲೆ ಮುಚ್ಚಿಡಲೂ ಇಲ್ಲ. ಕೊರಿಯಾದ ಪುಸ್ತಕದಂಗಡಿಗಳಲ್ಲಿ ಡೆಮಿಯಾನ್ ಮಾರಾಟ ಏರಿತು. ಹಾಡಿನ ದೆಸೆಯಿಂದ ಹದಿಹರೆಯದವರು ಹೆಸ್ಸೆಯನ್ನು ಓದಿದ್ದು ನನ್ನ ಮಟ್ಟಿಗೆ ಈ ಇಡೀ ಸಂಗತಿಯಲ್ಲೇ ದೊಡ್ಡ ಸಂತೋಷ.

ಜಿನ್ ಸತ್ತಿದ್ದಾನೆಯೇ?

ವಿಂಗ್ಸ್‌ಗಿಂತ ಹಿಂದಿನ ವರ್ಷವೇ ಇನ್ನೊಂದು ದೊಡ್ಡ ಒಗಟು ಶುರುವಾಗಿತ್ತು. 2015ರ ಏಪ್ರಿಲ್‌ನಲ್ಲಿ 'ದಿ ಮೋಸ್ಟ್ ಬ್ಯೂಟಿಫುಲ್ ಮೊಮೆಂಟ್ ಇನ್ ಲೈಫ್' ಸರಣಿಯ ಮೊದಲ ಆಲ್ಬಂ ಬಂತು. ಅದರ 'ಐ ನೀಡ್ ಯು' ವಿಡಿಯೊದಲ್ಲಿ ಏಳು ಗೆಳೆಯರಿದ್ದಾರೆ. ಒಬ್ಬೊಬ್ಬನದೂ ಒಂದೊಂದು ದುರಂತ. ಅದೇ ವರ್ಷ ಬಂದ 'ಪ್ರೋಲಾಗ್' ಎಂಬ ವಿಡಿಯೊದಲ್ಲಿ ಎಲ್ಲರೂ ಸಮುದ್ರದ ದಂಡೆಯಲ್ಲಿ ನಗುತ್ತಿದ್ದಾರೆ. ಜಿನ್‌ನ ಪಾತ್ರ ಮಾತ್ರ ಕೈಯಲ್ಲಿ ಕ್ಯಾಮೆರಾ ಹಿಡಿದು ಸ್ವಲ್ಪ ದೂರದಿಂದ ಇದನ್ನೆಲ್ಲ ಚಿತ್ರಿಸುತ್ತಿರುತ್ತಾನೆ.

ಅವನೊಬ್ಬನೇ ಯಾಕೆ ದೂರ? ಅವನು ಸತ್ತುಹೋಗಿದ್ದಾನೆ, ಉಳಿದವರನ್ನು ಕಾಣುತ್ತಿರುವುದು ಅವನ ಆತ್ಮ ಎಂದರು ಕೆಲವರು. ಉಳಿದವರೆಲ್ಲ ಸತ್ತಿದ್ದಾರೆ, ಬದುಕಿರುವವನು ಅವನೊಬ್ಬನೇ ಎಂದರು ಇನ್ನು ಕೆಲವರು. ಅವನು ಕಾಲದಲ್ಲಿ ಹಿಂದಕ್ಕೆ ಹೋಗಿ ಗೆಳೆಯರನ್ನು ಉಳಿಸಲು ಹೆಣಗುತ್ತಿದ್ದಾನೆ ಎಂಬುದು ಮೂರನೆಯ ಊಹೆ.

ಉತ್ತರ ಬಿಡಿಬಿಡಿಯಾಗಿ ಬಂತು. 2017ರ ಸೆಪ್ಟೆಂಬರ್‌ನ 'ಲವ್ ಯುವರ್‌ಸೆಲ್ಫ್: ಹರ್' ಆಲ್ಬಂ ಜೊತೆ ಪಾತ್ರಗಳ ದಿನಚರಿಯ ಪುಟಗಳಿರುವ ಕಿರುಪುಸ್ತಿಕೆ ಇತ್ತು. 2019ರಲ್ಲಿ 'ಸೇವ್ ಮಿ' ಎಂಬ ವೆಬ್‌ಟೂನ್, ಅಂದರೆ ಮೊಬೈಲಿನಲ್ಲಿ ಓದುವ ಚಿತ್ರಕಥೆ ಬಂತು. 'ದಿ ನೋಟ್ಸ್' ಎಂಬ ಪುಸ್ತಕವೂ ಬಂತು. ಅವುಗಳ ಪ್ರಕಾರ ಗೆಳೆಯರ ಬದುಕು ಒಂದೊಂದಾಗಿ ಕುಸಿದಮೇಲೆ ಜಿನ್‌ನ ಪಾತ್ರಕ್ಕೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅವಕಾಶ ಸಿಗುತ್ತದೆ. ಪ್ರತಿಸಲವೂ ಏಪ್ರಿಲ್ 11ರ ಬೆಳಗ್ಗೆ ಎಚ್ಚರವಾಗುತ್ತದೆ. ಒಬ್ಬನನ್ನು ಉಳಿಸಿದರೆ ಇನ್ನೊಬ್ಬ ಕೈತಪ್ಪುತ್ತಾನೆ, ಮತ್ತೆ ಅದೇ ಬೆಳಗ್ಗೆ. ಮೂರನೆಯ ಊಹೆ ಮಾಡಿದವರು ಗೆದ್ದರು. ಜಿನ್ ಸತ್ತಿದ್ದಾನೆ ಎಂದವರು ತಪ್ಪಿದರು ನಿಜ, ಆದರೆ ಅವರು ಹಿಡಿದ ಸುಳಿವು ಸರಿಯಾಗಿತ್ತು. ಅವನು ಉಳಿದವರಿಂದ ಬೇರೆಯಾಗಿದ್ದ, ಉಳಿದವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು.

ಇದೇ ಕಥೆಯಲ್ಲಿ 'ಸ್ಮೆರಾಲ್ಡೊ' ಎಂಬ ನೀಲಿ ಹೂ ಬರುತ್ತದೆ. ಹೇಳಲಾಗದೆ ಉಳಿದ ಸತ್ಯದ ಹೂವಂತೆ. 2017ರಲ್ಲಿ ಆ ಹೂವಿನ ಅಂಗಡಿಯದೆಂದು ಹೇಳಿಕೊಳ್ಳುವ ಪುಟವೊಂದು ಕೊರಿಯಾದ ಅಂತರ್ಜಾಲದಲ್ಲಿ ಕಾಣಿಸಿಕೊಂಡಿತು. ಇಟಲಿಯ ಹಳ್ಳಿಯೊಂದರ ದಂತಕಥೆಯೂ ಅದರಲ್ಲಿತ್ತು. ಸಸ್ಯಶಾಸ್ತ್ರದ ಪುಸ್ತಕಗಳನ್ನು ತಡಕಿದ ಅಭಿಮಾನಿಗಳಿಗೆ ತಿಳಿದದ್ದು, ಅಂಥ ಹೂವೇ ಇಲ್ಲ ಎಂದು. ಹೂ, ಅಂಗಡಿ, ದಂತಕಥೆ ಎಲ್ಲವೂ ಕಥೆಗಾಗಿ ಹೆಣೆದವು.

ವಸಂತದ ಹಾಡು, ಮುಳುಗಿದ ಹಡಗು

ಇಲ್ಲಿಯವರೆಗಿನದು ಒಗಟು ಬಿಡಿಸುವ ಖುಷಿ. ಇದು ಹಾಗಲ್ಲ.

2017ರ ಫೆಬ್ರವರಿ 13ರಂದು ವಿಂಗ್ಸ್‌ನ ರಿಪ್ಯಾಕೇಜ್ 'ಯು ನೆವರ್ ವಾಕ್ ಅಲೋನ್' ಬಂತು. ಅದರ ಮುಖ್ಯ ಹಾಡು 'ಸ್ಪ್ರಿಂಗ್ ಡೇ', ವಸಂತದ ದಿನ. ಸುಮ್ಮನೆ ಕೇಳಿದರೆ ದೂರವಾದ ಗೆಳೆಯನ ಹಂಬಲ ಅದು. ಹಿಮ ಬೀಳುತ್ತಿದೆ, ಚಳಿ ಮುಗಿಯುತ್ತಿಲ್ಲ, ವಸಂತ ಬಂದರೆ ಮತ್ತೆ ಸಿಗಬಹುದು ಎಂಬ ಕಾಯುವಿಕೆ. ಆದರೆ ವಿಡಿಯೊ ನೋಡಿದ ಕೊರಿಯನ್ನರಲ್ಲಿ ಬಹಳ ಜನರಿಗೆ ನೆನಪಾದದ್ದು 2014ರ ಏಪ್ರಿಲ್ 16.

ಅಂದು ಇಂಚಿಯಾನ್‌ನಿಂದ ಜೆಜು ದ್ವೀಪಕ್ಕೆ ಹೊರಟಿದ್ದ 'ಸೆವೊಲ್' ಎಂಬ ಹಡಗು ಮಗುಚಿಕೊಂಡಿತು. ಹಡಗಿನಲ್ಲಿದ್ದವರು 476 ಜನ. ಜೀವ ಕಳೆದುಕೊಂಡವರು 304. ಅವರಲ್ಲಿ 250 ಜನ ಆನ್ಸಾನ್ ನಗರದ ದಾನ್‌ವೊನ್ ಹೈಸ್ಕೂಲಿನ ಮಕ್ಕಳು, ಶಾಲೆಯ ಪ್ರವಾಸಕ್ಕೆ ಹೊರಟವರು. ಹಡಗು ವಾಲುತ್ತಿದ್ದಾಗ ಧ್ವನಿವರ್ಧಕದಲ್ಲಿ ಬಂದ ಸೂಚನೆ, ಇದ್ದಲ್ಲೇ ಇರಿ, ಅಲುಗಾಡಬೇಡಿ ಎಂದು. ಮಕ್ಕಳು ಹೇಳಿದ ಮಾತು ಕೇಳಿದರು. ಕ್ಯಾಪ್ಟನ್ ರಕ್ಷಣಾ ದೋಣಿ ಹತ್ತಿ ಪಾರಾದ. ಆಮೇಲೆ ಹಳದಿ ರಿಬ್ಬನ್ ಆ ಮಕ್ಕಳ ನೆನಪಿನ ಗುರುತಾಯಿತು. ಊರೂರಲ್ಲಿ ಬೇಲಿಗೆ, ಮರಕ್ಕೆ, ಶಾಲೆಯ ಚೀಲಕ್ಕೆ ಜನ ಅದನ್ನು ಕಟ್ಟಿದರು.

ಈಗ ವಿಡಿಯೊವನ್ನು ಹತ್ತಿರದಿಂದ ನೋಡಿ. ಪಾಳುಬಿದ್ದ ಜಾಗದಲ್ಲಿ ಮಕ್ಕಳಾಟದ ತಿರುಗುಕುದುರೆ. ಅದರ ಮೇಲೆ 'ನೀನೊಬ್ಬನೇ ನಡೆಯುತ್ತಿಲ್ಲ' ಎಂಬರ್ಥದ ಆಲ್ಬಂನ ಹೆಸರು, ಕಂಬಗಳಿಗೆ ಹಳದಿ ರಿಬ್ಬನ್. ಜಿಮಿನ್ ಸಮುದ್ರದ ದಂಡೆಯಲ್ಲಿ ನಿಂತಿದ್ದಾರೆ, ಕೈಯಲ್ಲಿ ಯಾರದೋ ಒಂದು ಜೊತೆ ಬೂಟು. ವಿಡಿಯೊದ ಕೊನೆಗೆ ಅದೇ ಬೂಟುಗಳು ಎಲೆ ಉದುರಿದ ಮರದ ಕೊಂಬೆಯಲ್ಲಿ ತೂಗುತ್ತಿವೆ. ಒಂದು ಕಡೆ ಬಟ್ಟೆಗಳ ಗುಡ್ಡವೇ ಇದೆ. ಫ್ರಾನ್ಸಿನ ಕಲಾವಿದ ಕ್ರಿಸ್ತಿಯನ್ ಬೊಲ್ಟಾಂಸ್ಕಿ 2010ರಲ್ಲಿ ಪ್ಯಾರಿಸ್‌ನಲ್ಲಿ ಹೀಗೆಯೇ ಬಟ್ಟೆಗಳ ರಾಶಿಯನ್ನಿಟ್ಟು, ಇಲ್ಲವಾದ ಮನುಷ್ಯರನ್ನು ಕಾಣಿಸಿದ್ದನ್ನು ಅಭಿಮಾನಿಗಳು ನೆನಪಿಸಿಕೊಂಡರು.

ಇನ್ನು ಹುಡುಗರು ತಂಗುವ ವಸತಿಗೃಹದ ಫಲಕ: 'ಓಮೆಲಾಸ್'. ಅದು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಕಥೆಯ ಊರಿನ ಹೆಸರು. ಓಮೆಲಾಸ್‌ನಲ್ಲಿ ಎಲ್ಲರೂ ಸುಖಿಗಳು. ಆ ಸುಖಕ್ಕೆ ಒಂದೇ ಕರಾರು: ಊರಿನ ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲಿ ಒಂದು ಮಗು ಸದಾ ನರಳುತ್ತಿರಬೇಕು. ಎಲ್ಲರಿಗೂ ಅದು ಗೊತ್ತು, ಹೆಚ್ಚಿನವರು ಒಪ್ಪಿಕೊಂಡು ಬಾಳುತ್ತಾರೆ. ಕೆಲವರು ಮಾತ್ರ ಒಪ್ಪಲಾರದೆ ಊರು ಬಿಟ್ಟು ನಡೆದುಹೋಗುತ್ತಾರೆ. ಮಕ್ಕಳ ಸಾವನ್ನು ನುಂಗಿಕೊಂಡು ಸುಮ್ಮನೆ ಮುಂದೆ ಸಾಗುವ ಸಮಾಜದ ಮುಂದೆ ಹಿಡಿದ ಪ್ರಶ್ನೆ ಇದು ಎಂದು ಓದುಗರು ಅರ್ಥ ಮಾಡಿಕೊಂಡರು.

ನೇರವಾಗಿ ಯಾಕೆ ಹೇಳಲಿಲ್ಲ ಎಂದು ಕೇಳುವವರು ಆ ದಿನಗಳನ್ನೂ ತಿಳಿದಿರಬೇಕು. ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಅವರ ಸರ್ಕಾರ ಕಲಾವಿದರ ಕಪ್ಪುಪಟ್ಟಿಯೊಂದನ್ನು ಮಾಡಿಟ್ಟಿದ್ದ ಸಂಗತಿ 2016ರ ಅಕ್ಟೋಬರ್‌ನಲ್ಲಿ ಬಯಲಾಗಿತ್ತು. 9,000ಕ್ಕೂ ಹೆಚ್ಚು ಹೆಸರುಗಳಿದ್ದ ಪಟ್ಟಿ. ಸೆವೊಲ್ ವಿಚಾರದಲ್ಲಿ ಸರ್ಕಾರವನ್ನು ಪ್ರಶ್ನಿಸಿದ ಹೇಳಿಕೆಗಳಿಗೆ ಸಹಿ ಹಾಕಿದವರೂ ಅದರಲ್ಲಿದ್ದರು. ಸ್ಪ್ರಿಂಗ್ ಡೇ ಬಂದಾಗ ಸಂಸತ್ತು ಅಧ್ಯಕ್ಷೆಯ ಪದಚ್ಯುತಿಗೆ ಮತ ಹಾಕಿಯಾಗಿತ್ತು, ನ್ಯಾಯಾಲಯದ ತೀರ್ಪು ಬಾಕಿಯಿತ್ತು. ಹಡಗು ಇನ್ನೂ ಸಮುದ್ರದ ತಳದಲ್ಲೇ ಇತ್ತು. ಅದನ್ನು ಮೇಲೆತ್ತಿದ್ದು ಮುಂದಿನ ತಿಂಗಳು.

2017ರ ಜನವರಿಯಲ್ಲಿ ತಂಡದ ಸದಸ್ಯರೂ ಕಂಪನಿಯೂ ಸೇರಿ ಸೆವೊಲ್ ಕುಟುಂಬಗಳಿಗೆ 10 ಕೋಟಿ ವೋನ್ (ಕೊರಿಯಾದ ಹಣ) ಕೊಟ್ಟಿದ್ದು ಸುದ್ದಿಯಾಗಿತ್ತು. 2020ರಲ್ಲಿ ಎಸ್ಕ್ವೈರ್ ಪತ್ರಿಕೆಯವರು ಈ ಹಾಡಿನ ಬಗ್ಗೆ ಕೇಳಿದಾಗ ಜಿನ್, ನೀವು ಹೇಳಿದಂತೆ ಅದು ದುಃಖದ ಘಟನೆಯೊಂದರ ಕುರಿತದ್ದು, ಜೊತೆಗೆ ಹಂಬಲದ ಕುರಿತದ್ದೂ ಹೌದು ಎಂಬರ್ಥದ ಮಾತು ಹೇಳಿದರು. ಅಷ್ಟೇ. ಈ ಉತ್ತರದಲ್ಲಿರುವ ಎರಡನೆಯ ಭಾಗವನ್ನು ಮರೆಯಬಾರದು ಎಂಬುದು ನನ್ನ ಅನಿಸಿಕೆ. ಹಾಡು ಸೆವೊಲ್‌ನದು ಎಂದಾದ ಮಾತ್ರಕ್ಕೆ, ತನ್ನ ಸ್ವಂತ ಗೆಳತಿಯನ್ನು ಕಳೆದುಕೊಂಡು ಕೇಳುತ್ತಿರುವವರಿಗೆ ಅದು ಅಲ್ಲ ಎಂದಾಗುವುದಿಲ್ಲ.

ಯೂಂಗ್ ಬಂದದ್ದು ಎಲ್ಲಿಂದ?

2019ರ ಏಪ್ರಿಲ್ 12ರಂದು 'ಮ್ಯಾಪ್ ಆಫ್ ದಿ ಸೋಲ್: ಪರ್ಸೋನಾ' ಬಂತು. ಈ ಸಲ ಹುಡುಕಾಟ ಸುಲಭವಾಗಿತ್ತು. ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ವಿಚಾರಗಳನ್ನು ಪರಿಚಯಿಸಲು ಮರ್ರೇ ಸ್ಟೈನ್ ಬರೆದ, 1998ರ ಒಂದು ಪುಸ್ತಕದ ಹೆಸರಿನಲ್ಲೇ 'ಮ್ಯಾಪ್ ಆಫ್ ದಿ ಸೋಲ್' ಇದೆ. ಕಂಪನಿ ಆ ಪುಸ್ತಕವನ್ನು ತನ್ನ ಮಳಿಗೆಯಲ್ಲೂ ಇಟ್ಟಿತು. ಈ ಸುದ್ದಿ ಸ್ಟೈನ್ ಅವರಿಗೆ ತಲುಪಿದ್ದು ಒಬ್ಬ ವಿದ್ಯಾರ್ಥಿಯಿಂದ. ಆಮೇಲೆ ಅವರು ಪಾಡ್‌ಕಾಸ್ಟ್‌ನಲ್ಲಿ ಕುಳಿತು ಹಾಡುಗಳ ಸಾಲು ಹಿಡಿದು ಮಾತಾಡಿದರು. ಪರ್ಸೋನಾ ಕುರಿತು ಹೊಸ ಪುಸ್ತಕವನ್ನೇ ಬರೆದರು.

ಈ ವಿಚಾರಕ್ಕೂ ಡೆಮಿಯಾನ್‌ಗೂ ಸಂಬಂಧವಿದೆ. 1916ರಲ್ಲಿ ಹೆಸ್ಸೆ ಮನಸ್ಸಿನ ಚಿಕಿತ್ಸೆಗೆ ಹೋದದ್ದು ಯೂಂಗ್ ಅವರ ಶಿಷ್ಯ ಲಾಂಗ್ ಎಂಬ ವೈದ್ಯರ ಬಳಿ. ಡೆಮಿಯಾನ್ ಹುಟ್ಟಿದ್ದು ಅದರ ಬೆನ್ನಿಗೇ. ಹೀಗಾಗಿ 2016ರ ಆಲ್ಬಂನಿಂದ 2019ರ ಆಲ್ಬಂಗೆ ತಂಡ ದಾರಿ ಬದಲಿಸಲಿಲ್ಲ, ಅದೇ ದಾರಿಯಲ್ಲಿ ಇನ್ನಷ್ಟು ಒಳಕ್ಕೆ ಹೋಯಿತು.

ಯೂಂಗ್ ಹೇಳುವ ಮೂರು ಮಾತು ತಿಳಿದರೆ ಈ ಆಲ್ಬಂ ತೆರೆದುಕೊಳ್ಳುತ್ತದೆ. ನಾಲ್ಕು ಜನರ ಮುಂದೆ ನಾವು ತೋರಿಸುವ ಮುಖವೇ ಪರ್ಸೋನಾ. ಬ್ಯಾಂಕಿನ ಕೌಂಟರಿನಲ್ಲಿ ತಾಳ್ಮೆಯಿಂದ ಮಾತಾಡುವ ಮನುಷ್ಯ ಮನೆಗೆ ಬಂದು ಸಿಡುಕಬಹುದು. ಕೌಂಟರಿನ ಮುಖ ಸುಳ್ಳಲ್ಲ, ಆದರೆ ಅವನ ಪೂರ್ತಿ ಮುಖವೂ ಅಲ್ಲ. ನಮ್ಮದಲ್ಲ ಎಂದು ನಾವೇ ತಳ್ಳಿಬಿಟ್ಟ ಸಿಟ್ಟು, ಅಸೂಯೆ, ಭಯ, ಆಸೆಗಳೆಲ್ಲ ಸೇರಿದ್ದು ಶ್ಯಾಡೋ, ನೆರಳು. ತಳ್ಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಈಗೋ ಎಂದರೆ ಇಲ್ಲಿ ಅಹಂಕಾರ ಅಲ್ಲ. 'ನಾನು' ಎಂದು ತಿಳಿದಿರುವ, ಇವೆರಡನ್ನೂ ನೋಡಿ ತೀರ್ಮಾನ ಮಾಡುವ ಎಚ್ಚರದ ಕೇಂದ್ರ.

ಆರ್‌ಎಂ ಅವರ ಟ್ರೇಲರ್ 'ಪರ್ಸೋನಾ'. ನಾನು ಯಾರು ಎಂಬ, ಬದುಕಿಡೀ ಕೇಳಿಕೊಂಡ ಪ್ರಶ್ನೆಯಿಂದಲೇ ಅದು ಶುರು. 2020ರ ಜನವರಿಯಲ್ಲಿ ಬಂದ ಸುಗಾ ಅವರ 'ಶ್ಯಾಡೋ'ದಲ್ಲಿ, ಶ್ರೀಮಂತನಾಗಬೇಕು, ತಾರೆಯಾಗಬೇಕು ಎಂಬ ಹಳೆಯ ಆಸೆ ಈಡೇರಿದೆ; ಈಗ ಅದೇ ಎತ್ತರ ಭಯ ಹುಟ್ಟಿಸುತ್ತಿದೆ. ಫೆಬ್ರವರಿಯಲ್ಲಿ ಬಂದ ಜೆ-ಹೋಪ್ ಅವರ 'ಈಗೋ' ಬಣ್ಣಬಣ್ಣದ್ದು, ನಡೆದು ಬಂದ ದಾರಿಯನ್ನು ನೆನೆದು ತನ್ನನ್ನು ನಂಬಿ ಮುಂದೆ ಹೋಗುತ್ತೇನೆ ಎನ್ನುವಂಥದ್ದು. ಕೋಟ್ಯಂತರ ಜನ ನೋಡುವ ಪಾಪ್ ತಾರೆಯರಿಗೆ ಮುಖ ಮತ್ತು ನೆರಳಿನ ಪ್ರಶ್ನೆ ಎಷ್ಟು ಸಹಜ ಅನ್ನುವುದು ಹಾಡು ಕೇಳಿದರೇ ಗೊತ್ತಾಗುತ್ತದೆ.

ಇಲ್ಲಿ ಅಭಿಮಾನಿಗಳು ಒಂದು ಕಡೆ ಎಡವಿದರು. ಪರ್ಸೋನಾ ಆಯಿತು, ಮುಂದಿನ ಆಲ್ಬಂ 'ಶ್ಯಾಡೋ', ಆಮೇಲೆ 'ಈಗೋ' ಎಂದು ಬಹಳ ಮಂದಿ ಲೆಕ್ಕ ಹಾಕಿಟ್ಟಿದ್ದರು. 2020ರ ಫೆಬ್ರವರಿ 21ರಂದು ಬಂದದ್ದು 'ಮ್ಯಾಪ್ ಆಫ್ ದಿ ಸೋಲ್: 7'. ನೆರಳೂ ಈಗೋವೂ ಒಂದೇ ಆಲ್ಬಂನಲ್ಲಿ, ಪರ್ಸೋನಾದ ಐದು ಹಾಡುಗಳೂ ಜೊತೆಗೆ. ಏಳು ಜನ, ಏಳು ವರ್ಷ, ಅದಕ್ಕೆ ಆ ಅಂಕಿ. ವಿಷಯವನ್ನು ಸರಿಯಾಗಿಯೇ ಹಿಡಿದಿದ್ದರು; ಅದು ಎಷ್ಟು ಕಂತುಗಳಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಊಹಿಸಲಾಗಲಿಲ್ಲ.

ಊಹೆ ದಾರಿ ತಪ್ಪುವುದು ಎಲ್ಲಿ?

ಬಿಡಿ ಸುಳಿವುಗಳನ್ನು ಎಷ್ಟು ಬೇಕಾದರೂ ಕೂಡಿಸಬಹುದು. ಹಾಗೆ ಕೂಡಿಸಿದ್ದರ ಹಳೆಯ ಉದಾಹರಣೆ ಬೀಟಲ್ಸ್ ತಂಡದ್ದು. 1969ರ ಸೆಪ್ಟೆಂಬರ್‌ನಲ್ಲಿ ಬಂದ 'ಅಬ್ಬೆ ರೋಡ್' ಆಲ್ಬಂನ ಹೊದಿಕೆಯಲ್ಲಿ ನಾಲ್ವರು ರಸ್ತೆ ದಾಟುತ್ತಿದ್ದಾರೆ, ಪಾಲ್ ಮೆಕಾರ್ಟ್ನಿ ಮಾತ್ರ ಬರಿಗಾಲಲ್ಲಿ. ಪಾಲ್ 1966ರಲ್ಲೇ ತೀರಿಕೊಂಡರು, ಈಗಿರುವವನು ಅವರಂತೆ ಕಾಣುವ ಬೇರೊಬ್ಬ, ಈ ಚಿತ್ರ ಅವರ ಶವಯಾತ್ರೆ ಎಂದು ಅಮೆರಿಕದಲ್ಲಿ ಸುದ್ದಿ ಹಬ್ಬಿತು. ನಿಂತಿದ್ದ ಕಾರಿನ ನಂಬರ್ ಪ್ಲೇಟೂ ಪುರಾವೆಯಾಯಿತು. ಕೊನೆಗೆ 'ಲೈಫ್' ಪತ್ರಿಕೆಯವರು ಸ್ಕಾಟ್ಲೆಂಡಿನ ತೋಟದ ಮನೆಗೆ ಹೋಗಿ ಪಾಲ್ ಅವರನ್ನು ಕಂಡು, ನವೆಂಬರ್‌ನ ಸಂಚಿಕೆಯ ಮುಖಪುಟದಲ್ಲೇ ಅವರ ಚಿತ್ರ ಹಾಕಿದರು. ರಸ್ತೆ ದಾಟುವ ಆ ಹೊದಿಕೆಯ ಚಿತ್ರ ತೆಗೆದದ್ದು ಆಗಸ್ಟ್ 8ರಂದು, ಸೆಕೆಗೆ ಪಾಲ್ ಚಪ್ಪಲಿ ಕಳಚಿದ್ದರು. ಬರಿಗಾಲು, ನಂಬರ್ ಪ್ಲೇಟು, ಒಂದಕ್ಕೊಂದು ಸಂಬಂಧವಿರಲಿಲ್ಲ. ಸಾವು ಎಂಬ ಉತ್ತರವನ್ನು ಮೊದಲೇ ಬರೆದಿಟ್ಟು ಪ್ರತಿಯೊಂದನ್ನೂ ಅದಕ್ಕೆ ಎಳೆದು ತಂದದ್ದಾಗಿತ್ತು. ಬುಕ್ಸ್‌ಟಹೂಡ್‌ನ ಸಂಗೀತ ಹಾಗಲ್ಲ. ಅದು ಕಾದಂಬರಿಯ ಪುಟದಲ್ಲೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಬಿಟಿಎಸ್ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಕಥೆಯ ಪಾತ್ರಗಳಿಗೂ ಸದಸ್ಯರ ನಿಜವಾದ ಹೆಸರುಗಳೇ. ಹಾಗಾಗಿ ಪಾತ್ರದ ಮನೆಯ ಜಗಳವನ್ನು ಆ ಕಲಾವಿದರ ಮನೆಯದೆಂದು, ಪಾತ್ರದ ಕಾಯಿಲೆಯನ್ನು ಅವರದೇ ಕಾಯಿಲೆಯೆಂದು ತಿಳಿಯುವವರಿದ್ದಾರೆ. ಇದು ಕಲ್ಪಿತ ಕಥೆ ಎಂದು ಕಂಪನಿ ಹೇಳಿಯೇ ಇದೆ. ಹಾಡಿನ ಅರ್ಥ ಹುಡುಕುವುದು ಓದುಗರ ಹಕ್ಕು. ಹಾಡಿದವರು ಯಾರನ್ನು ಪ್ರೀತಿಸುತ್ತಾರೆ, ಯಾರೊಡನೆ ಮುನಿದಿದ್ದಾರೆ ಎಂದು ಸಾಲುಗಳಲ್ಲಿ ಹೆಕ್ಕುವುದು ಆ ಹಕ್ಕಿನೊಳಗೆ ಬರುವುದಿಲ್ಲ.

ಕಂಪನಿಗೆ ಇದರಿಂದ ಏನು?

ಲಾಭವಿದೆ, ಅದರಲ್ಲಿ ಮುಚ್ಚುಮರೆಯಿಲ್ಲ. ಕೊರಿಯಾದಲ್ಲಿ ಆಲ್ಬಂ ಎಂದರೆ ಈಗಲೂ ಕೈಯಲ್ಲಿ ಹಿಡಿಯುವ ವಸ್ತು: ಸಿ.ಡಿ., ದಪ್ಪ ಫೋಟೊ ಪುಸ್ತಕ, ಸದಸ್ಯರ ಚಿತ್ರದ ಕಾರ್ಡು. ವಿಂಗ್ಸ್ ನಾಲ್ಕು ಬೇರೆ ಬೇರೆ ಹೊದಿಕೆಗಳಲ್ಲಿ ಬಂದಿತ್ತು. ಕಥೆಯ ತುಣುಕುಗಳು ಕಿರುಪುಸ್ತಿಕೆಯಲ್ಲಿವೆ ಎಂದರೆ ಹಾಡನ್ನು ಮೊಬೈಲಿನಲ್ಲಿ ಕೇಳಿಯಾದವರೂ ಆಲ್ಬಂ ಕೊಳ್ಳುತ್ತಾರೆ. ಸುಳಿವು ಹುಡುಕಲು ಒಂದೇ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಾರೆ. ಮಕ್ಕಳು ಒಂದೇ ಆಲ್ಬಂನ ನಾಲ್ಕು ಪ್ರತಿ ಕೇಳಿದಾಗ ದೊಡ್ಡವರು ಇದನ್ನು ತಿಳಿದಿರುವುದು ಒಳ್ಳೆಯದು. ವ್ಯಾಪಾರವಿದೆ ಎಂದಮಾತ್ರಕ್ಕೆ ಒಳಗಿನ ಕಥೆ ಪೊಳ್ಳಾಗುವುದಿಲ್ಲ. ಸ್ಪ್ರಿಂಗ್ ಡೇ ಕೊರಿಯಾದಲ್ಲಿ ಅಂತರ್ಜಾಲದ ಮೂಲಕ ಹಾಡು ಕೇಳಿಸುವ ಮೆಲಾನ್ ಎಂಬ ಸೇವೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದದ್ದು ಫೋಟೊ ಕಾರ್ಡಿನಿಂದ ಅಲ್ಲ.

ನೋಡಬೇಕೆನಿಸಿದರೆ ಎಲ್ಲಿಂದ ಶುರು?

ಹೊಸ ಆಲ್ಬಂನ ಥಿಯರಿಗಳಿಗೆ ನೇರವಾಗಿ ಇಳಿದರೆ ತಲೆಬುಡ ತಿಳಿಯುವುದಿಲ್ಲ. ಮೊದಲು ಸ್ಪ್ರಿಂಗ್ ಡೇ ವಿಡಿಯೊ ನೋಡಿ. ಅದಕ್ಕೆ ಬೇರಾವ ಹಿನ್ನೆಲೆಯೂ ಬೇಡ, ಮೇಲೆ ಹೇಳಿದ್ದು ಸಾಕು. ಆಮೇಲೆ ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್, ಅದರ ಜೊತೆಗೆ ಸಾಧ್ಯವಾದರೆ ಡೆಮಿಯಾನ್‌ನ ಮೊದಲ ಅಧ್ಯಾಯ. ಪರ್ಸೋನಾ, ಶ್ಯಾಡೋ, ಈಗೋ ಈ ಮೂರು ಟ್ರೇಲರ್‌ಗಳನ್ನು ಬಂದ ಕ್ರಮದಲ್ಲೇ ಒಟ್ಟಿಗೆ ನೋಡುವುದು ವಾಸಿ. ಏಳು ಗೆಳೆಯರ ಕಾಲದ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ: ಸೇವ್ ಮಿ ವೆಬ್‌ಟೂನ್ ಓದಿ, ನಂತರ ಐ ನೀಡ್ ಯು ಮತ್ತು ಪ್ರೋಲಾಗ್. ಅದರಲ್ಲಿ ಮನೆಯೊಳಗಿನ ಹಿಂಸೆ, ಆತ್ಮಹತ್ಯೆಯ ಪ್ರಯತ್ನಗಳ ದೃಶ್ಯಗಳಿವೆ. ಚಿಕ್ಕ ಮಕ್ಕಳು ಒಬ್ಬರೇ ಕೂತು ನೋಡುವಂಥದ್ದಲ್ಲ, ಹಿರಿಯರೊಬ್ಬರು ಜೊತೆಗಿದ್ದು ನಡುನಡುವೆ ಮಾತಾಡುತ್ತಾ ನೋಡಬೇಕು.